ಸ್ವಾಧ್ಯಾಯದ ತಕ್ಕಡಿಯಲ್ಲಿ ಡಿಜಿಟಲ್ ಪಾಠ

ಕಾರ್ತಿಕ ಶುಕ್ಲ ಪಂಚಮಿಯಂದು, ಅಂದರೆ ಜ್ಞಾನಪಂಚಮಿಯ ದಿನ, ಶ್ವೇತಾಂಬರ ಶ್ರಾವಕರೂ, ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯಂದು ದಿಗಂಬರ ಶ್ರಾವಕರೂ ಗ್ರಂಥಗಳನ್ನು ಕಪಾಟಿನಿಂದ ಹೊರತೆಗೆದು, ಧೂಳೊರೆಸಿ, ಪೀಠದ ಮೇಲಿರಿಸಿ ಪೂಜಿಸುತ್ತಾರೆ. ಆ ಪೂಜೆ ಸಲ್ಲುವುದು ಗ್ರಂಥದ ಮೂಲಕ ಜೀವಕ್ಕೆ ಒದಗುವ ಶ್ರುತಜ್ಞಾನಕ್ಕೆ. ಇಂದಿನ ಮಗುವಿನ ಪಾಠ ಪುಸ್ತಕದಲ್ಲಿರುವಂತೆಯೇ ತಂದೆಯ ಮೊಬೈಲಿನಲ್ಲಿಯೂ ಇದೆ. ಹಾಗಿರುವಾಗ ಆ ಪೀಠದಲ್ಲಿ ಮೊಬೈಲಿಗೂ ಒಂದು ಸ್ಥಾನವುಂಟೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಉಂಟು ಎಂದು ಒಮ್ಮೆಲೇ ಒಪ್ಪುವುದೂ, ಇಲ್ಲವೆಂದು ಒಮ್ಮೆಲೇ ತಳ್ಳುವುದೂ ಎರಡೂ ಏಕಾಂತವಾದವೇ. ಅನೇಕಾಂತವನ್ನು ನಂಬಿದ ಸಮಾಜವು ಈ ವಿಷಯವನ್ನು ಯಾವ ನಯದಿಂದ, ಯಾವ ಅಳತೆಯಿಂದ ನೋಡಬೇಕೆಂಬುದೇ ಪ್ರಸ್ತುತ ವಿಚಾರ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ರಸ್ತೆಯ ಮೇಲಿನ ಮೂರು ಊರುಗಳು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರು ಭತ್ತದ ಕಣಜವಾಯಿತು. ಹಿಂದೆ ಲಿಂಗಸುಗೂರು ತಾಲೂಕಿಗೆ ಸೇರಿದ್ದು ಈಗ ತಾನೇ ತಾಲೂಕಾಗಿರುವ ಮಸ್ಕಿಯಿಂದ ಮುಂದಕ್ಕೆ ಹೋದಂತೆ ಒಣಬೇಸಾಯದ ಸೀಮೆ ಎದುರಾಗುತ್ತದೆ. ಅಲ್ಲಿನ ಅನೇಕ ಕುಟುಂಬಗಳು ಮಳೆ ಕೈಕೊಟ್ಟ ವರ್ಷ ಗುಳೆ ಹೋಗುತ್ತವೆ. ಇಂತಹ ಸೀಮೆಯ ಜೈನ ಕುಟುಂಬಗಳ ಮುಂದೆ, ಮಂದಿರದ ಟ್ರಸ್ಟುಗಳ ಮುಂದೆ ಇಂದು ಮೂರು ಪ್ರಶ್ನೆಗಳಿವೆ. ಮನೆಯ ಮಕ್ಕಳಿಗೆ ಹಣ ತೆತ್ತು ಕಲಿಕೆಯ ಆ್ಯಪ್ ಕೊಡಿಸಬೇಕೇ? ಪಾಠಶಾಲೆಗೆ ಪರದೆ, ಗಣಕಯಂತ್ರಗಳನ್ನು ತರಬೇಕೇ? ಜ್ಞಾನದಾನದ ಹಣದಿಂದ ಬಡ ಮಕ್ಕಳಿಗೆ ಟ್ಯಾಬ್ಲೆಟ್ ಹಂಚಬೇಕೇ? ಮೂರಕ್ಕೂ ಉತ್ತರ ಕೊಡುವ ಮುನ್ನ ಸಲಕರಣೆಯನ್ನು ತೂಗಿ ನೋಡುವುದು ಅವಶ್ಯ.

ತೂಗದೆ ಕೊಳ್ಳುವ ರೂಢಿ

ಸಂತೆಯಲ್ಲಿ ಎತ್ತು ಕೊಳ್ಳುವವನು ಅದರ ಹಲ್ಲು ನೋಡಿ, ನಡೆಸಿ ನೋಡಿ ಕೊಳ್ಳುತ್ತಾನೆ. ಭತ್ತ ಕೊಳ್ಳುವ ವರ್ತಕನು ಚೀಲದ ಮೇಲಿನ ಕಾಳನ್ನು ನಂಬದೆ, ಚೂಪಾದ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ ಒಳಗಿನ ಕಾಳನ್ನು ತೆಗೆದು ನೋಡುತ್ತಾನೆ, ತೇವಾಂಶ ಅಳೆಯುತ್ತಾನೆ. ಇಷ್ಟು ಜಾಗರೂಕನಾದ ಅದೇ ವ್ಯಕ್ತಿ ಮಕ್ಕಳ ವಿದ್ಯೆಯ ವಿಷಯದಲ್ಲಿ ಜಾಹೀರಾತನ್ನೂ ನೆರೆಮನೆಯವರ ಮಾತನ್ನೂ ನಂಬಿ ಸಾವಿರಾರು ರೂಪಾಯಿ ಕಟ್ಟುವುದು ಆಶ್ಚರ್ಯಕರ.

ಈ ದೋಷ ಸಣ್ಣ ಊರುಗಳದು ಮಾತ್ರವಲ್ಲ. ಶಿಕ್ಷಣದಲ್ಲಿ ತಂತ್ರಜ್ಞಾನವನ್ನೇ ವಿಷಯವಾಗಿಸಿಕೊಂಡ ಯುನೆಸ್ಕೋ ಸಂಸ್ಥೆಯ 2023ರ ಜಾಗತಿಕ ವರದಿಯು, ಅಮೆರಿಕದ 17 ರಾಜ್ಯಗಳ ಶಿಕ್ಷಕರು ಹಾಗೂ ಆಡಳಿತಗಾರರನ್ನು ವಿಚಾರಿಸಿದಾಗ, ಸಲಕರಣೆ ಕೊಳ್ಳುವ ಮುನ್ನ ವಿದ್ವಾಂಸರು ಪರಿಶೀಲಿಸಿದ ಪುರಾವೆಯನ್ನು ಕೇಳಿದವರು ಶೇ. 11 ಮಾತ್ರವೆಂದು ತಿಳಿಸಿದೆ. ಬ್ರಿಟನ್ನಿನಲ್ಲಿ ಇಂತಹ ಸಲಕರಣೆ ತಯಾರಿಸುವ ಕಂಪನಿಗಳ ಪೈಕಿ ಕಟ್ಟುನಿಟ್ಟಾದ ತುಲನಾತ್ಮಕ ಪರೀಕ್ಷೆ ನಡೆಸಿದವು ಶೇ. 7 ಮಾತ್ರವೆಂದೂ ಅದೇ ವರದಿ ಹೇಳುತ್ತದೆ. ಮಾರುವವನು ತೂಗಿಲ್ಲ, ಕೊಳ್ಳುವವನು ಕೇಳಿಲ್ಲ. ನಷ್ಟ ಮಾತ್ರ ಮಗುವಿನದು.

ಹಾಗಾದರೆ ಅಳತೆಗೋಲು ಎಲ್ಲಿದೆ? ಅದನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಉಭಯ ಆಮ್ನಾಯಗಳಿಗೂ ಮಾನ್ಯವಾದ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಸ್ವಾಧ್ಯಾಯವೆಂಬ ಅಂತರಂಗ ತಪಸ್ಸಿಗೆ ಐದು ಅಂಗಗಳನ್ನು ಹೇಳಿದೆ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಶ್ವೇತಾಂಬರ ಆಗಮಗಳಲ್ಲಿ ಆಮ್ನಾಯವನ್ನು ಪರಿವರ್ತನೆಯೆಂದೂ, ಧರ್ಮೋಪದೇಶವನ್ನು ಧರ್ಮಕಥೆಯೆಂದೂ ಕರೆದಿದೆ. ಪಾಠವನ್ನು ಪಡೆಯುವುದು, ಸಂದೇಹವನ್ನು ಕೇಳುವುದು, ತಿಳಿದುದನ್ನು ಮನನ ಮಾಡುವುದು, ಶುದ್ಧವಾಗಿ ಮತ್ತೆ ಮತ್ತೆ ಹೇಳುವುದು, ಕೊನೆಗೆ ಇನ್ನೊಬ್ಬರಿಗೆ ತಿಳಿಸುವುದು ಎಂಬುದು ಇವುಗಳ ಸರಳಾರ್ಥ. ಧರ್ಮಗ್ರಂಥಕ್ಕಾಗಿ ಹೇಳಿದ ಈ ಕ್ರಮ ಗಣಿತಕ್ಕೂ ವಿಜ್ಞಾನಕ್ಕೂ ಭಾಷೆಗೂ ಹೊಂದುತ್ತದೆ. ಏಕೆಂದರೆ ಕಲಿಯುವ ಜೀವ ಒಂದೇ.

ವಾಚನೆ: ಹೆಚ್ಚು ಅಂಕ ಗಳಿಸುವ ಅಂಗ

ಪಾಠವನ್ನು ಮಗುವಿನ ಬಳಿಗೆ ತರುವುದರಲ್ಲಿ ಹೊಸ ಸಾಧನಗಳ ಸಾಮರ್ಥ್ಯವನ್ನು ಅಲ್ಲಗಳೆಯುವಂತಿಲ್ಲ. ಹೃದಯದ ಕವಾಟಗಳು ತೆರೆದು ಮುಚ್ಚುವುದನ್ನು ಕಪ್ಪುಹಲಗೆಯ ಮೇಲೆ ತೋರಿಸುವುದು ಕಷ್ಟ. ಚಲಿಸುವ ಚಿತ್ರದಲ್ಲಿ ಸುಲಭ. ಕೇಂದ್ರ ಸರ್ಕಾರ 2017ರ ಸೆಪ್ಟೆಂಬರ್ 5ರಂದು ಆರಂಭಿಸಿದ ದೀಕ್ಷಾ ವೇದಿಕೆಯ ಪಾಠಗಳನ್ನು ರಾಜ್ಯದ ಪಠ್ಯಪುಸ್ತಕಗಳಲ್ಲಿ ಮುದ್ರಿಸಿದ ಕ್ಯುಆರ್ ಸಂಕೇತದ ಮೂಲಕ ಉಚಿತವಾಗಿ ನೋಡಬಹುದಾಗಿದೆ. ಹಣ ತೆರಬೇಕಾಗಿಲ್ಲದ, ಕನ್ನಡದಲ್ಲಿರುವ, ಪಠ್ಯಕ್ಕೆ ನೇರವಾಗಿ ಹೊಂದಿದ ಈ ಸಾಧನವನ್ನು ಬಿಟ್ಟು, ಬೇರೆ ಭಾಷೆಯ ಬೇರೆ ಪಠ್ಯಕ್ರಮದ ಆ್ಯಪ್ ಕೊಳ್ಳುವ ಪಾಲಕರು ಮೊದಲು ಮಗುವಿನ ಪುಸ್ತಕವನ್ನು ಒಮ್ಮೆ ತೆರೆದು ನೋಡುವುದೊಳಿತು.

ಆದರೆ ಪಾಠ ಮಗುವಿನ ಬಳಿಗೆ ಬರುವುದೆಂಬುದು ಸಲಕರಣೆಯ ಗುಣವೊಂದರಿಂದಲೇ ಆಗುವ ಕಾರ್ಯವಲ್ಲ. ಇದನ್ನು 2020ರ ವರ್ಷ ಸ್ಪಷ್ಟವಾಗಿ ತೋರಿಸಿಕೊಟ್ಟಿತು. ಶಾಲೆಗಳು ಮುಚ್ಚಿದಾಗ ಕರ್ನಾಟಕ ಸರ್ಕಾರ ಜೂನ್ ತಿಂಗಳಲ್ಲಿ ಕಿರಿಯ ಮಕ್ಕಳ ಆನ್‌ಲೈನ್ ತರಗತಿಗಳನ್ನು ನಿಷೇಧಿಸಿತು. ಜುಲೈನಲ್ಲಿ ಉಚ್ಚ ನ್ಯಾಯಾಲಯ ಆ ನಿಷೇಧಕ್ಕೆ ತಡೆ ನೀಡಿತು. ಪಟ್ಟಣದ ಖಾಸಗಿ ಶಾಲೆಯ ಮಕ್ಕಳು ಮೊಬೈಲಿನ ಮುಂದೆ ಕುಳಿತರು. ಸರ್ಕಾರಿ ಶಾಲೆಯ ಮಕ್ಕಳಿಗಾಗಿ ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ ಯೋಜನೆಯು ಮಕ್ಕಳನ್ನು ಸ್ಮಾರ್ಟ್‌ಫೋನ್ ಉಳ್ಳವರು, ಸಾಧಾರಣ ಫೋನ್ ಉಳ್ಳವರು, ಯಾವ ಫೋನೂ ಇಲ್ಲದವರು ಎಂದು ಗುರುತಿಸಿ, ಶಿಕ್ಷಕರನ್ನೇ ಊರ ಗುಡಿಯ ಅಂಗಳಕ್ಕೆ, ಮರದ ನೆರಳಿಗೆ ಕಳುಹಿಸಿತು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತಾದರೂ, ಫೋನಿಲ್ಲದ ಮಗುವನ್ನು ಲೆಕ್ಕಕ್ಕೆ ತೆಗೆದುಕೊಂಡ ಯೋಜನೆ ಅದೆಂಬುದನ್ನು ಮರೆಯಬಾರದು.

ಮಸ್ಕಿ, ಲಿಂಗಸುಗೂರು ಸೀಮೆಯ ಹಳ್ಳಿಯ ಮನೆಯಲ್ಲಿ ಫೋನು ಒಂದೇ ಇದ್ದರೆ ಅದು ತಂದೆಯದು. ತಂದೆ ಗುಳೆ ಹೋದರೆ ಫೋನೂ ಅವನೊಡನೆ ಹೋಗುತ್ತದೆ. ಆದ್ದರಿಂದ ವಾಚನೆಯ ಅಂಗದಲ್ಲಿ ಸಲಕರಣೆಗೆ ಅಂಕ ಕೊಡುವಾಗ, ಪಾಠ ಎಷ್ಟು ಸುಂದರವಾಗಿದೆ ಎಂಬುದರ ಜೊತೆಗೆ, ಆ ಮನೆಯ ಆ ಮಗುವಿಗೆ ದಿನದ ಯಾವ ಹೊತ್ತಿನಲ್ಲಿ ಅದು ಕೈಗೆ ಸಿಗುತ್ತದೆ ಎಂಬುದನ್ನೂ ಕೇಳಬೇಕು.

ಪೃಚ್ಛನೆ: ಕೇಳುವವರಾರು?

ಎರಡನೆಯ ಅಂಗದಲ್ಲಿಯೇ ಬಹುತೇಕ ಸಾಧನಗಳು ಸೋಲುತ್ತವೆ. ವಿಡಿಯೋ ಪಾಠ ಹೇಳುತ್ತದೆ, ಕೇಳುವುದಿಲ್ಲ. ಅರ್ಥವಾಗದ ಮಗು ತಲೆ ತಗ್ಗಿಸಿದ್ದನ್ನು ಅದು ಕಾಣದು. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಪ್ರತಿ ಮಗುವಿಗೂ ಲ್ಯಾಪ್‌ಟಾಪ್ ಕೊಡುವ ಯೋಜನೆಯನ್ನು 319 ಗ್ರಾಮೀಣ ಶಾಲೆಗಳಲ್ಲಿ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವು, ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಪ್ರಗತಿಯ ಗುರುತು ಕಾಣಲಿಲ್ಲವೆಂದು ಹೇಳಿತು. ಯಂತ್ರ ಮನೆಗೆ ಬಂದಿತ್ತು. ಮಗುವಿನ ತಪ್ಪನ್ನು ಹಿಡಿದು ಕೇಳುವವರು ಬಂದಿರಲಿಲ್ಲ.

ಇದಕ್ಕೆ ಪ್ರತಿಯಾದ ಉದಾಹರಣೆಯೂ ಇದೆ. ಅದನ್ನು ಹೇಳದಿದ್ದರೆ ವಿಮರ್ಶೆ ಪಕ್ಷಪಾತವಾದೀತು. ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಎಂಬ ಗಣಕ ಪಾಠಕ್ರಮವನ್ನು 619 ವಿದ್ಯಾರ್ಥಿಗಳ ನಡುವೆ ಲಾಟರಿಯಿಂದ ಆರಿಸಿ ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ನಾಲ್ಕೂವರೆ ತಿಂಗಳಲ್ಲಿಯೇ ಗಣಿತದಲ್ಲಿಯೂ ಹಿಂದಿ ಭಾಷೆಯಲ್ಲಿಯೂ ಆ ಮಕ್ಕಳು ಉಳಿದವರಿಗಿಂತ ಸ್ಪಷ್ಟವಾಗಿ ಮುಂದೆ ಹೋದರು. ಆರನೆಯ ತರಗತಿಯ ಮಗು ಗಣಿತದಲ್ಲಿ ಎರಡು ಮೂರು ತರಗತಿ ಹಿಂದುಳಿದಿದ್ದರೆ, ಆ ಪಾಠಕ್ರಮವು ಮೊದಲು ಪ್ರಶ್ನೆ ಕೇಳಿ, ಅದು ನಿಂತಿರುವ ಮೆಟ್ಟಿಲನ್ನು ಕಂಡುಕೊಂಡು, ಅಲ್ಲಿಂದ ಪಾಠ ಆರಂಭಿಸುತ್ತಿತ್ತು. ಜೊತೆಗೆ ಸಣ್ಣ ಗುಂಪಿಗೆ ಪಾಠ ಹೇಳುವ ಮನುಷ್ಯರೂ ಆ ಕೇಂದ್ರಗಳಲ್ಲಿದ್ದರು. ಗುಜರಾತಿನ ಜ್ಞಾನಶಾಲಾ ಸಂಸ್ಥೆಯ ಶಾಲೆಗಳಲ್ಲಿ ನಡೆದ ಇನ್ನೊಂದು ಅಧ್ಯಯನ ಇದಕ್ಕೆ ಪೂರಕವಾದುದು. ಶಿಕ್ಷಕಿಯ ಪಾಠದ ಅವಧಿಯನ್ನು ಕಿತ್ತು ಗಣಕಯಂತ್ರಕ್ಕೆ ಕೊಟ್ಟಾಗ ಮಕ್ಕಳ ಕಲಿಕೆ ಕುಗ್ಗಿತು. ಶಾಲೆಯ ಅವಧಿಯ ಹೊರಗೆ, ಪಾಠಕ್ಕೆ ಸೇರಿಕೆಯಾಗಿ ಕೊಟ್ಟಾಗ ಹಿಂದುಳಿದ ಮಕ್ಕಳಿಗೆ ಪ್ರಯೋಜನವಾಯಿತು. ಯಂತ್ರ ಅದೇ, ಅದನ್ನು ಗುರುವಿನ ಬದಲಿಗೆ ಇಟ್ಟರೋ, ಗುರುವಿನ ಬದಿಗೆ ಇಟ್ಟರೋ ಎಂಬುದರಿಂದ ಫಲ ಬೇರೆಯಾಯಿತು.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಪೃಚ್ಛನೆಯ ಪ್ರಶ್ನೆ ಹೊಸ ರೂಪ ತಾಳಿದೆ. ಈಗ ಮಗು ಏನು ಕೇಳಿದರೂ ಯಂತ್ರ ಉತ್ತರಿಸುತ್ತದೆ. ಟರ್ಕಿ ದೇಶದ ಸುಮಾರು ಸಾವಿರ ಪ್ರೌಢಶಾಲಾ ವಿದ್ಯಾರ್ಥಿಗಳ ನಡುವೆ ನಡೆದು 2025ರಲ್ಲಿ ವಿದ್ವತ್ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯ ಫಲಿತಾಂಶವನ್ನು ಪ್ರತಿಯೊಬ್ಬ ಪಾಲಕನೂ ತಿಳಿದಿರಬೇಕು. ಕೃತಕ ಬುದ್ಧಿಮತ್ತೆಯನ್ನು ಬಳಸಿ ಗಣಿತ ಅಭ್ಯಾಸ ಮಾಡಿದವರ ಅಭ್ಯಾಸದ ಅಂಕಗಳು ಶೇ. 48ರಷ್ಟು ಏರಿದವು. ಆದರೆ ಯಂತ್ರವನ್ನು ಹಿಂತೆಗೆದುಕೊಂಡು ಪರೀಕ್ಷೆ ಕೊಟ್ಟಾಗ, ಯಂತ್ರವನ್ನೇ ಕಾಣದ ಮಕ್ಕಳಿಗಿಂತ ಇವರು ಶೇ. 17ರಷ್ಟು ಕಡಿಮೆ ಅಂಕ ಪಡೆದರು. ಉತ್ತರವನ್ನು ನೇರವಾಗಿ ಕೊಡದೆ ಸುಳಿವು ಮಾತ್ರ ಕೊಡುವಂತೆ ಶಿಕ್ಷಕರು ತಿದ್ದಿದ ಇನ್ನೊಂದು ಬಗೆಯಲ್ಲಿ ಈ ಹಾನಿ ಬಹುಮಟ್ಟಿಗೆ ತಪ್ಪಿತು. ಕಡ ತಂದ ಬಂಡವಾಳವನ್ನು ಲಾಭವೆಂದು ಕಿರ್ದಿಯಲ್ಲಿ ಬರೆದುಕೊಂಡವನ ಸ್ಥಿತಿಯೇ ಆ ಮಕ್ಕಳದು.

ಅನುಪ್ರೇಕ್ಷೆ ಮತ್ತು ಆಮ್ನಾಯ

ಮನನಕ್ಕೆ ಬಿಡುವು ಬೇಕು. ಲಿಂಗಸುಗೂರು ತಾಲೂಕಿನ ಹಟ್ಟಿಯ ಗಣಿಯಲ್ಲಿ ಒಂದು ಟನ್ ಅದಿರನ್ನು ಅರೆದು, ತೊಳೆದು, ಕಾಯಿಸಿದರೆ ದೊರೆಯುವ ಚಿನ್ನ ಕೆಲವೇ ಗ್ರಾಂ. ಕೇಳಿದ ಪಾಠದಿಂದ ತಿಳುವಳಿಕೆ ಹೊರಬರುವುದೂ ಅಷ್ಟೇ ನಿಧಾನದ ಕೆಲಸ. ಒಂದು ವಿಡಿಯೋ ಮುಗಿಯುವ ಮೊದಲೇ ಇನ್ನೊಂದನ್ನು ತಾನಾಗಿ ಆರಂಭಿಸುವ, ಪಾಠದ ನಡುವೆ ತಿಂಡಿಯ ಜಾಹೀರಾತನ್ನು ತೋರಿಸುವ ವೇದಿಕೆಯು ಅರೆಯುವ ಮೊದಲೇ ಅದಿರನ್ನು ರಾಶಿ ಹಾಕುತ್ತ ಹೋಗುತ್ತದೆ. ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ಸೂತ್ರಕಾರರು ಅಂತರಾಯವನ್ನು, ಅಂದರೆ ಜ್ಞಾನಸಾಧನೆಗೆ ಅಡ್ಡಿಯುಂಟುಮಾಡುವುದನ್ನು, ಒಂದು ಕಾರಣವಾಗಿ ಎಣಿಸಿದ್ದಾರೆ. ಮಗುವಿನ ಚಿತ್ತವನ್ನು ಪಾಠದಿಂದ ಎಳೆದು ಹಣ ಮಾಡುವ ಏರ್ಪಾಟು ಈ ಮಾತಿನ ವ್ಯಾಪ್ತಿಗೆ ಬರುತ್ತದೆಯೇ ಎಂಬುದನ್ನು ವಿಚಾರಶೀಲರೇ ನಿರ್ಣಯಿಸಬೇಕು.

ಆಮ್ನಾಯದಲ್ಲಿ, ಅಂದರೆ ಶುದ್ಧ ಪುನರಾವರ್ತನೆಯಲ್ಲಿ, ಧ್ವನಿಮುದ್ರಿಕೆಯ ಉಪಕಾರ ನಿಜವಾಗಿಯೂ ದೊಡ್ಡದು. ಭಕ್ತಾಮರ ಸ್ತೋತ್ರದ ಸಂಧಿಗಳನ್ನು ಬಿಡಿಸಿ ಹೇಳಿಕೊಡಬಲ್ಲ ಪಂಡಿತರು ಸಣ್ಣ ಊರುಗಳಲ್ಲಿ ಸಿಗುವುದು ವಿರಳ. ನಿಧಾನವಾಗಿ ಹಾಡಿದ ಧ್ವನಿಯನ್ನು ನಿಲ್ಲಿಸಿ, ಹಿಂದಕ್ಕೊಯ್ದು, ಹತ್ತು ಸಲ ಕೇಳಬಹುದು, ಯಂತ್ರಕ್ಕೆ ಬೇಸರವಿಲ್ಲ. ಮಗ್ಗಿ ಬಾಯಿಪಾಠಕ್ಕೂ ಇಂಗ್ಲಿಷ್ ಉಚ್ಚಾರಣೆಗೂ ಇದೇ ಮಾತು ಅನ್ವಯಿಸುತ್ತದೆ. ಆದರೆ ಮುದ್ರಿಕೆಯು ಮಗುವಿನ ಬಾಯಿಯ ತಪ್ಪನ್ನು ಕೇಳಿಸಿಕೊಳ್ಳುವುದಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳ ದೋಷವೊಂದು ನೂರು ಸಲ ಪುನರಾವರ್ತನೆಯಾದರೆ ಆ ದೋಷವೇ ಗಟ್ಟಿಯಾಗುತ್ತದೆ. ಮನೆಯ ಅಜ್ಜಿಯೋ ಅಕ್ಕನೋ ವಾರಕ್ಕೊಮ್ಮೆ ಎದುರು ಕುಳಿತು ಒಪ್ಪಿಸಿಕೊಂಡರೆ ಈ ಕೊರತೆ ತುಂಬುತ್ತದೆ.

ಧರ್ಮೋಪದೇಶ: ಮರೆತುಹೋದ ಅಂಗ

ಐದನೆಯ ಅಂಗವನ್ನು ಸಲಕರಣೆ ತಯಾರಿಸುವವರು ನೆನೆಯುವುದೇ ಅಪರೂಪ. ಕಲಿತುದನ್ನು ಇನ್ನೊಬ್ಬರಿಗೆ ತಿಳಿಸಿದಾಗಲೇ ಕಲಿಕೆ ಪೂರ್ಣವಾಗುತ್ತದೆ. ಪ್ರತಿ ಮಗುವೂ ಕಿವಿಗೆ ತಂತಿ ಸಿಕ್ಕಿಸಿಕೊಂಡು ತನ್ನ ಪರದೆಯನ್ನು ನೋಡುತ್ತಿದ್ದರೆ ಯಾರು ಯಾರಿಗೆ ತಿಳಿಸಬೇಕು? ಭಾಷೆಯ ತೊಡಕೂ ಇಲ್ಲಿಯೇ ಎದುರಾಗುತ್ತದೆ. ಈ ಸೀಮೆಯಲ್ಲಿ ನೆಲೆಸಿದ ವರ್ತಕ ಮನೆತನಗಳ ಎಷ್ಟೋ ಮಕ್ಕಳಿಗೆ ಮನೆಯ ಮಾತು ಮಾರವಾಡಿ, ಶಾಲೆಯದು ಇಂಗ್ಲಿಷ್. ಜೈನ ಈ-ಲೈಬ್ರರಿಯಂತಹ ಅಮೂಲ್ಯ ಅಂತರ್ಜಾಲ ಭಂಡಾರದಲ್ಲಿ ಹಿಂದಿ, ಗುಜರಾತಿ, ಸಂಸ್ಕೃತ, ಪ್ರಾಕೃತ, ಇಂಗ್ಲಿಷ್ ಗ್ರಂಥಗಳು ಸಾವಿರಾರು. ಕನ್ನಡದ ಪಾಲು ಅಲ್ಪ. ಆದಿಕವಿ ಪಂಪನು 941ರಲ್ಲಿ ಆದಿಪುರಾಣವನ್ನು ರಚಿಸಿದ ಭಾಷೆಯಿದು. ಪೊನ್ನ, ರನ್ನರ ಭಾಷೆಯಿದು. ಜೈನ ಬಾಲಕನೊಬ್ಬ ತಾನು ಕಲಿತ ಅಹಿಂಸೆಯ ಪಾಠವನ್ನು ತಂದೆಯ ಅಂಗಡಿಯ ಹಮಾಲನ ಮಗನಿಗೆ ಕನ್ನಡದಲ್ಲಿ ಹೇಳಲಾರದೆ ಹೋದರೆ, ಆ ಸಲಕರಣೆ ಐದರಲ್ಲಿ ಒಂದು ಅಂಗವನ್ನು ಸಂಪೂರ್ಣ ಕಳೆದಂತೆಯೇ.

ಹೀನಾಧಿಕ ಮಾನದ ದೋಷ

ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ವ್ಯಾಪಾರಿ ಸಮಾಜಕ್ಕೆ ಬೇರೆಯಾಗಿ ವಿವರಿಸಬೇಕಾಗಿಲ್ಲ. ಅವುಗಳಲ್ಲಿ ಎರಡು ಇಲ್ಲಿ ಮುಖ್ಯ. ಕೊಡುವಾಗ ಒಂದು ತೂಕ, ಕೊಳ್ಳುವಾಗ ಒಂದು ತೂಕ ಬಳಸುವುದು ಹೀನಾಧಿಕ ಮಾನೋನ್ಮಾನ. ಒಂದರಂತೆ ಕಾಣುವ ಬೇರೊಂದನ್ನು ಅಸಲೆಂದು ಮಾರುವುದು ಪ್ರತಿರೂಪಕ ವ್ಯವಹಾರ.

ಮಗು ಎಷ್ಟು ನಿಮಿಷ ಪರದೆ ನೋಡಿತು, ಎಷ್ಟು ನಕ್ಷತ್ರ ಗಳಿಸಿತು, ಎಷ್ಟು ದಿನ ತಪ್ಪದೆ ಆ್ಯಪ್ ತೆರೆಯಿತು ಎಂಬ ಲೆಕ್ಕವನ್ನು ಕಲಿಕೆಯ ಲೆಕ್ಕವೆಂದು ಪಾಲಕರಿಗೆ ತೋರಿಸುವುದು ಎರಡೂ ದೋಷಗಳಿಗೆ ಸಮೀಪದ್ದು. ಬೆಂಗಳೂರಿನಿಂದ ನಡೆದ ಬೈಜೂಸ್ ಕಂಪನಿಯನ್ನು 2022ರಲ್ಲಿ ಹೂಡಿಕೆದಾರರು 22 ಶತಕೋಟಿ ಡಾಲರ್ ಎಂದು ಬೆಲೆಗಟ್ಟಿದ್ದರು. 2024ರ ಜುಲೈಯಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ಅದರ ಮಾತೃಸಂಸ್ಥೆಯನ್ನು ದಿವಾಳಿ ಪ್ರಕ್ರಿಯೆಗೆ ಒಳಪಡಿಸಿತು. ಒಬ್ಬರ ಪತನವನ್ನು ಕಂಡು ಸಂತೋಷಪಡುವುದು ಶ್ರಾವಕಧರ್ಮವಲ್ಲ. ಆದರೆ ಷೇರಿನ ಬೆಲೆ ವಿದ್ಯೆಯ ತೂಕವಲ್ಲವೆಂಬ ಪಾಠವನ್ನು ಅದರಿಂದ ಕಲಿಯದಿರುವುದೂ ವಿವೇಕವಲ್ಲ.

ಸರಿಯಾದ ತೂಕ ಏನನ್ನು ಹೊರಗೆಡಹುತ್ತದೆಂಬುದಕ್ಕೆ ರಾಜ್ಯದ್ದೇ ನಿದರ್ಶನವಿದೆ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೊಠಡಿಗಳಲ್ಲಿ ಕ್ಯಾಮೆರಾ ಇರಿಸಿ ವೆಬ್‌ಕಾಸ್ಟಿಂಗ್ ಮಾಡಲಾಯಿತು. ಹಿಂದಿನ ವರ್ಷ ಶೇ. 83.89 ಇದ್ದ ಉತ್ತೀರ್ಣತೆ, ಕೃಪಾಂಕಗಳನ್ನು ಹೆಚ್ಚಿಸಿದ ಮೇಲೆಯೂ, ಶೇ. 73.40ಕ್ಕೆ ಇಳಿಯಿತು. ಯಾದಗಿರಿ ಜಿಲ್ಲೆ ಶೇ. 50.59ರೊಡನೆ ಕೊನೆಯ ಸ್ಥಾನದಲ್ಲಿ ನಿಂತಿತು. ಆ ಕ್ಯಾಮೆರಾ ಯಾವ ಮಗುವಿಗೂ ಒಂದಕ್ಷರ ಕಲಿಸಲಿಲ್ಲ, ಯಾವ ಮಗುವಿನಿಂದಲೂ ಕಲಿತುದನ್ನು ಕಿತ್ತುಕೊಳ್ಳಲಿಲ್ಲ. ತಕ್ಕಡಿಯ ಕೆಳಗೆ ಅಂಟಿಸಿದ್ದ ಮೇಣ ತೆಗೆದಾಗ ಮುಳ್ಳು ತನ್ನ ನಿಜಸ್ಥಾನಕ್ಕೆ ಬಂದಿತು. ಅದು ಆ ಮಕ್ಕಳ ದೋಷವೂ ಅಲ್ಲ. ಹತ್ತು ವರ್ಷ ಅವರನ್ನು ಸುಳ್ಳು ತೂಕದಲ್ಲಿ ಮುಂದಿನ ತರಗತಿಗೆ ಕಳುಹಿಸಿದ ಹಿರಿಯರ ದೋಷ.

ಅಚೌರ್ಯದ ಇನ್ನೊಂದು ಮುಖವನ್ನೂ ಇಲ್ಲಿ ಹೇಳಬೇಕು. ಕೊಡದುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಮಾನವ ಹಕ್ಕುಗಳ ಸಂಸ್ಥೆ ಹ್ಯೂಮನ್ ರೈಟ್ಸ್ ವಾಚ್ 2022ರಲ್ಲಿ 49 ದೇಶಗಳ ಶೈಕ್ಷಣಿಕ ಸಾಧನಗಳನ್ನು ಪರಿಶೀಲಿಸಿ, ಅವುಗಳಲ್ಲಿ ಸುಮಾರು ಶೇ. 89ರಷ್ಟು ಮಕ್ಕಳ ಖಾಸಗಿತನಕ್ಕೆ ಧಕ್ಕೆ ತರುವಂತಹ ರೀತಿಯಲ್ಲಿ ಮಾಹಿತಿಯನ್ನು ನಿರ್ವಹಿಸುತ್ತಿದ್ದವೆಂದು ಕಂಡುಕೊಂಡಿತು. ಸರ್ಕಾರದ ದೀಕ್ಷಾ ವೇದಿಕೆಯೂ ಆ ಟೀಕೆಗೆ ಹೊರತಾಗಿರಲಿಲ್ಲ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ವರ್ಷದೊಳಗಿನವರ ಮಾಹಿತಿಯನ್ನು ಬಳಸಲು ಪಾಲಕರ ಖಚಿತ ಸಮ್ಮತಿ ಬೇಕೆಂದು ಹೇಳಿದೆ. ಓದದೆ 'ಒಪ್ಪಿದೆ' ಎಂಬ ಗುಂಡಿ ಒತ್ತುವ ಪಾಲಕನು ಮಗುವಿನ ವಸ್ತುವನ್ನು ಮಗುವಿಗೆ ತಿಳಿಯದೆ ಪರರಿಗೆ ಒಪ್ಪಿಸುತ್ತಿದ್ದಾನೆ.

ಜ್ಞಾನದಾನದ ಅರ್ಥ

ಇಷ್ಟು ಹೇಳಿದ ಮೇಲೆ, ಯಂತ್ರವೇ ಧರ್ಮಕ್ಕೆ ವಿರುದ್ಧವೆಂದು ವಾದಿಸುವವರಿಗೂ ಉತ್ತರ ಹೇಳಬೇಕಾಗುತ್ತದೆ. ವಿದ್ಯುತ್ ಸಾಧನಗಳನ್ನು ಮುಟ್ಟದಿರುವ ಮುನಿಗಳ ಆಚಾರ ಮಹಾವ್ರತಿಗಳದು, ಗೃಹಸ್ಥನು ಅಣುವ್ರತಿ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಪ್ರತಿ ತೆಗೆಯುವ ಶ್ರಮವೇ ಆ ಕಾಲದ ದೊಡ್ಡ ತಡೆಯಾಗಿತ್ತು. ಆ ತಡೆಯನ್ನು ಹಣದಿಂದಲೂ ಭಕ್ತಿಯಿಂದಲೂ ದಾಟಿದ ಕಾರಣ ಅವಳು ದಾನಚಿಂತಾಮಣಿ. ಷಟ್ಖಂಡಾಗಮದ ಧವಲಾ ಟೀಕೆಯು ಶತಮಾನಗಳ ಕಾಲ ಮೂಡುಬಿದಿರೆಯ ಬಸದಿಯಲ್ಲಿ ತಾಳೆಗರಿಗಳ ಕಟ್ಟಾಗಿ ದರ್ಶನಕ್ಕೆ ಮಾತ್ರ ದೊರೆಯುತ್ತಿತ್ತು. 1939ರಿಂದ ಮುದ್ರಣಗೊಂಡ ಮೇಲೆಯೇ ಅದು ಓದುಗರಿಗೆ ದಕ್ಕಿತು. ಗ್ರಂಥವನ್ನು ಹೆಚ್ಚು ಜನರಿಗೆ ಮುಟ್ಟಿಸುವ ಸಾಧನವನ್ನು ಜೈನ ಪರಂಪರೆ ಒಪ್ಪಿಕೊಳ್ಳುತ್ತಲೇ ಬಂದಿದೆ.

ಆದರೆ ಇಂದಿನ ತಡೆ ಪ್ರತಿಯದಲ್ಲ. ಒಂದು ಗುಂಡಿ ಒತ್ತಿದರೆ ಲಕ್ಷ ಪ್ರತಿ ಸಿದ್ಧ. ಇಂದು ಕೊರತೆಯಿರುವುದು ಮಗುವಿನ ಬದಿಯಲ್ಲಿ ಕುಳಿತು ಕೇಳುವ ಮನುಷ್ಯನದು. ಈ ಮಾತಿಗೆ ಮಸ್ಕಿಯ ಬಂಡೆಯೇ ಸಾಕ್ಷಿ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರನ್ನು ಹೊತ್ತ ಆ ಶಾಸನವನ್ನು ಗಣಿ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಗುರುತಿಸಿದರು. ಪ್ರಜೆಗಳಿಗೆ ಧರ್ಮವನ್ನು ತಿಳಿಸಲು ಬಂಡೆಯನ್ನೇ ಸಾಧನವಾಗಿಸಿಕೊಂಡ ಆ ಅರಸನು ಬರೆಹವೊಂದನ್ನೇ ನಂಬಿ ಕೂರಲಿಲ್ಲ. ಕಳಿಂಗದ ಶಾಸನಗಳಲ್ಲಿ, ಗೊತ್ತಾದ ದಿನಗಳಂದು ಅವನ್ನು ಜನರಿಗೆ ಓದಿ ಕೇಳಿಸಬೇಕೆಂದು ಅಧಿಕಾರಿಗಳಿಗೆ ಆಜ್ಞೆಯಿದೆ. ಓದಿ ಹೇಳುವವರ ಪರಂಪರೆ ಕಡಿದುಹೋದ ಮೇಲೆ ಬಂಡೆ ಅಲ್ಲಿಯೇ ಇತ್ತು, ಅಕ್ಷರ ಅಲ್ಲಿಯೇ ಇತ್ತು, ಆದರೆ ಶತಮಾನಗಳವರೆಗೆ ಅದು ಯಾರಿಗೂ ಏನನ್ನೂ ಕಲಿಸಲಿಲ್ಲ.

ಟ್ರಸ್ಟುಗಳು ಅನುಸರಿಸಬಹುದಾದ ಕ್ರಮ

ಆದ್ದರಿಂದ ಸಲಕರಣೆಗಾಗಿ ಹಣ ಕೊಡುವ ಮುನ್ನ ಟ್ರಸ್ಟುಗಳೂ ಪಾಲಕರೂ ಕೆಲವು ಕ್ರಮಗಳನ್ನು ಅನುಸರಿಸುವುದು ಯೋಗ್ಯ.

ಮೊದಲನೆಯದಾಗಿ, ಸಗಟು ಕೊಳ್ಳುವ ಮುನ್ನ ಮಾದರಿ ನೋಡಬೇಕು. ಇಪ್ಪತ್ತು ಮಕ್ಕಳಿಗೆ ಕಾಗದದ ಮೇಲೆ ಒಂದು ಪರೀಕ್ಷೆ ಕೊಟ್ಟು, ಚೀಟಿ ಎತ್ತಿ ಹತ್ತು ಮಕ್ಕಳಿಗೆ ಸಲಕರಣೆಯನ್ನೂ ಉಳಿದ ಹತ್ತು ಮಕ್ಕಳಿಗೆ ಅಷ್ಟೇ ಹೊತ್ತಿನ ಸಾಧಾರಣ ಪಾಠವನ್ನೂ ಮೂರು ತಿಂಗಳು ಒದಗಿಸಬೇಕು. ಇಷ್ಟು ಸಣ್ಣ ಪರೀಕ್ಷೆಯಿಂದ ಅಂತಿಮ ಸತ್ಯ ಹೊರಡದಾದರೂ, ಕಣ್ಣುಮುಚ್ಚಿ ಕೊಳ್ಳುವುದಕ್ಕಿಂತ ಅದು ಮೇಲು.

ಎರಡನೆಯದಾಗಿ, ಕೊನೆಯ ಪರೀಕ್ಷೆಯನ್ನು ಯಂತ್ರವನ್ನು ಮುಚ್ಚಿಟ್ಟು, ಕಾಗದದ ಮೇಲೆಯೇ ನಡೆಸಬೇಕು. ಒಂದು ತಿಂಗಳು ಬಿಟ್ಟು ಅದೇ ಬಗೆಯ ಪ್ರಶ್ನೆಗಳನ್ನು ಮತ್ತೆ ಕೇಳಬೇಕು. ಯಂತ್ರವಿಲ್ಲದಾಗ ಉಳಿದುದಷ್ಟೇ ಮಗುವಿನ ಸ್ವಂತ ಸಂಪತ್ತು.

ಮೂರನೆಯದಾಗಿ, ಸಲಕರಣೆಗಾಗಿ ತೆಗೆದಿಡುವ ಹಣದಷ್ಟಾದರೂ ಹಣವನ್ನು ಅದರ ಬದಿಯಲ್ಲಿ ಕುಳಿತುಕೊಳ್ಳುವ ಶಿಕ್ಷಕಿಯ ಗೌರವಧನಕ್ಕೆ ತೆಗೆದಿಡಬೇಕು. ಅದು ಸಾಧ್ಯವಿಲ್ಲದಿದ್ದರೆ ಸಲಕರಣೆಯನ್ನು ಬಿಟ್ಟು ಶಿಕ್ಷಕಿಯನ್ನು ಉಳಿಸಿಕೊಳ್ಳುವುದು ಲೇಸು.

ನಾಲ್ಕನೆಯದಾಗಿ, ಸಾಧನವು ಯಾವ ಮಾಹಿತಿಯನ್ನು ಸಂಗ್ರಹಿಸುತ್ತದೆ, ಜಾಹೀರಾತು ತೋರಿಸುತ್ತದೆಯೇ, ಕಂಪನಿ ಮುಚ್ಚಿದರೆ ಪಾಠಗಳು ಉಳಿಯುತ್ತವೆಯೇ ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಬೇಕು.

ಐದನೆಯದಾಗಿ, ಜ್ಞಾನದಾನದ ಹಣದ ಒಂದು ಭಾಗವನ್ನು ಕನ್ನಡದಲ್ಲಿ ಜೈನ ಸ್ತೋತ್ರ, ಕಥೆ, ತತ್ತ್ವಪಾಠಗಳ ಶುದ್ಧ ಧ್ವನಿಮುದ್ರಿಕೆಗಳನ್ನು ಸಿದ್ಧಪಡಿಸುವುದಕ್ಕೆ ವಿನಿಯೋಗಿಸಿ, ಎಲ್ಲರಿಗೂ ಉಚಿತವಾಗಿ ಬಿಡಬೇಕು. ಪಾಠಶಾಲೆಯ ದೊಡ್ಡ ಮಕ್ಕಳು ಭಾನುವಾರ ಒಂದು ಗಂಟೆ, ಸಲಕರಣೆಯಿಂದ ತಾವು ಕಲಿತ ಗಣಿತವನ್ನೋ ವಿಜ್ಞಾನವನ್ನೋ ಅಂಗಡಿ, ಗಿರಣಿಗಳಲ್ಲಿ ದುಡಿಯುವವರ ಮಕ್ಕಳಿಗೆ ಹೇಳಿಕೊಟ್ಟರೆ ಐದನೆಯ ಅಂಗವೂ ಕೂಡಿಬರುತ್ತದೆ.

ಮನೆಯಲ್ಲಿ ಪಾಲಕರು ಮಾಡಬಹುದಾದುದು ಇದಕ್ಕಿಂತ ಸರಳ. ಅಂಗಡಿಯ ಬಾಗಿಲು ಮುಚ್ಚುವ ಮುನ್ನ ದಿನದ ಕಿರ್ದಿ ಬರೆದು ಗಲ್ಲದ ಹಣವನ್ನು ತಾಳೆ ನೋಡುವುದು ವರ್ತಕನ ನಿತ್ಯಕರ್ಮ. ಅನಂತರ ಮನೆಗೆ ಬಂದು, ಮಗುವಿನ ಕೈಯಿಂದ ಮೊಬೈಲನ್ನು ಪಕ್ಕಕ್ಕಿಡಿಸಿ, 'ಇವತ್ತು ಏನು ಕಲಿತೆ, ಹೇಳಪ್ಪ' ಎಂದು ಹತ್ತು ನಿಮಿಷ ಕೇಳಿಸಿಕೊಂಡರೆ ಎರಡನೆಯ ಲೆಕ್ಕವೂ ತಾಳೆಯಾಗುತ್ತದೆ. ಆ ಹತ್ತು ನಿಮಿಷದಲ್ಲಿ ಮಗು ಹೇಳಲಾರದುದು ಯಾವ ಆ್ಯಪ್‌ನ ಲೆಕ್ಕದಲ್ಲಿದ್ದರೂ ಜಮೆಯಾಗಿಲ್ಲವೆಂದೇ ತಿಳಿಯಬೇಕು. ಬರುವ ಜ್ಞಾನಪಂಚಮಿಯಂದು ಪೀಠದ ಮೇಲೆ ಪುಸ್ತಕದ ಜೊತೆಗೆ ಟ್ಯಾಬ್ಲೆಟನ್ನೂ ಇಡುವುದಾದರೆ, ಈ ತೂಕದಲ್ಲಿ ನಿಂತದ್ದನ್ನು ಇಡಲಿ.